ಕಟ್ಟು ಹಾಕೋ ಅಂಗಡಿ ಬಿಟ್ಟು ಕಡಲ ದಂಡೆಗೆ ಹೋದ ಬೂಡಿನ್: ಬಯಲಲ್ಲಿ ನಿಂತು ಆಕಾಶ ಬರೆದವನ ಕಥೆ

ಯುರೋಪ್, ಅಮೆರಿಕದ ಸಣ್ಣ ಸಣ್ಣ ಊರುಗಳಲ್ಲಿ ಈಗ ಒಂದು ಥರದ ಚಿತ್ರಹಬ್ಬ ನಡೆಯುತ್ತೆ. ಹೊರಗಿನಿಂದ ಚಿತ್ರಗಾರರು ಬಂದು ಪೇಟೆ ಬೀದಿ, ಸೇತುವೆ, ದೋಣಿಕಟ್ಟೆ ಎಲ್ಲೆಂದರಲ್ಲಿ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಎದುರಿಗೆ ಕಂಡದ್ದನ್ನು ಅಲ್ಲೇ ಬರೀತಾರೆ. ಬಣ್ಣ ಪೂರ್ತಿ ಒಣಗುವ ಮೊದಲೇ ಆ ಚಿತ್ರಗಳನ್ನು ಊರಿನ ಹಾಲ್‌ನಲ್ಲಿ ನೇತು ಹಾಕ್ತಾರೆ. ತಮ್ಮ ಬೀದಿ, ತಮ್ಮ ಅಂಗಡಿ ಹೇಗೆ ಕಾಣುತ್ತೆ ಅಂತ ನೋಡೋಕೆ ಊರವರು ಬರ್ತಾರೆ, ಇಷ್ಟವಾದರೆ ಕೊಳ್ತಾರೆ. ಇದಕ್ಕೆ ಪ್ಲೆನ್ ಏರ್ ಅನ್ನೋ ಫ್ರೆಂಚ್ ಹೆಸರಿದೆ. ಅರ್ಥ ಬಹಳ ಸರಳ: ಬಯಲು ಗಾಳಿಯಲ್ಲಿ.

ಇವತ್ತು ಇದು ಮಾಮೂಲು. ಆದರೆ 170 ವರ್ಷಗಳ ಹಿಂದೆ ಫ್ರಾನ್ಸ್‌ನಲ್ಲೂ ಇದು ಮಾಮೂಲಾಗಿರಲಿಲ್ಲ. ಚಿತ್ರ ಅಂದರೆ ಕೋಣೆಯೊಳಗೆ ಕೂತು ತಿಂಗಳುಗಟ್ಟಲೆ ಮಾಡುವ ಕೆಲಸ ಅಂತ ಜನ ನಂಬಿದ್ದ ಕಾಲ ಅದು. ಆಗ ಮಳೆ ಗಾಳಿ ಲೆಕ್ಕಿಸದೆ ಕಡಲ ದಂಡೆಯಲ್ಲಿ ನಿಂತವರಲ್ಲಿ ಒಬ್ಬ ಯೂಜೀನ್ ಬೂಡಿನ್. ದೊಡ್ಡ ಮನೆತನದವನಲ್ಲ, ದೊಡ್ಡ ಊರಿನವನೂ ಅಲ್ಲ. ಕಲೆಗೆ ಕಾಲಿಡುವ ಮೊದಲು ಆತ ಅಂಗಡಿ ಇಟ್ಟುಕೊಂಡಿದ್ದ ವ್ಯಾಪಾರಿ.

ದೋಣಿ ಮೇಲಿನ ಹುಡುಗ

ಬೂಡಿನ್ ಹುಟ್ಟಿದ್ದು 1824ರ ಜುಲೈ 12ರಂದು, ಉತ್ತರ ಫ್ರಾನ್ಸ್‌ನ ನಾರ್ಮಂಡಿ ಪ್ರಾಂತ್ಯದ ಓನ್‌ಫ್ಲರ್ ಎಂಬ ಬಂದರು ಊರಿನಲ್ಲಿ. ಸೀನ್ ನದಿ ಸಮುದ್ರ ಸೇರುವ ಜಾಗ ಅದು. ಇವತ್ತಿಗೂ ಆ ಊರಿನಲ್ಲಿ ಹತ್ತು ಸಾವಿರ ಜನ ಇಲ್ಲ. ನಮ್ಮ ಕಡೆಯ ಹೋಬಳಿ ಕೇಂದ್ರದಷ್ಟೇ ಅಂದುಕೊಳ್ಳಿ.

ಅಪ್ಪ ಬಂದರಿನಲ್ಲಿ ಹಡಗುಗಳಿಗೆ ದಾರಿ ತೋರಿಸುವ ಪೈಲಟ್. ಅಮ್ಮನೂ ಹಡಗಿನಲ್ಲೇ ಪ್ರಯಾಣಿಕರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಹತ್ತು ವರ್ಷ ಆಗುವಷ್ಟರಲ್ಲಿ ಹುಡುಗನೂ ದೋಣಿ ಹತ್ತಿದ. ಓನ್‌ಫ್ಲರ್‌ನಿಂದ ನದಿಯ ಆಚೆ ದಡದ ಲೆ ಹಾವ್ರ್ ಪಟ್ಟಣಕ್ಕೆ ಓಡಾಡುವ ಉಗಿದೋಣಿಯಲ್ಲಿ ಕೈಯಾಳಿನ ಕೆಲಸ. ಸ್ಕೂಲು ಹೆಚ್ಚು ದಿನ ನಡೆಯಲಿಲ್ಲ.

ಆದರೆ ದೋಣಿ ಬೇರೇನೋ ಕಲಿಸಿತು. ಗಾಳಿ ಯಾವ ದಿಕ್ಕಿನಿಂದ ಬರ್ತಿದೆ, ಮೋಡ ಯಾವಾಗ ಒಡೆಯುತ್ತೆ, ನೀರಿನ ಬಣ್ಣ ಯಾವಾಗ ಬದಲಾಗುತ್ತೆ ಅನ್ನೋದು ದೋಣಿಯವರಿಗೆ ಹೊಟ್ಟೆಪಾಡಿನ ವಿಷಯ. ತಲೆ ಎತ್ತಿ ಆಕಾಶ ನೋಡದೆ ಅವರ ದಿನ ನಡೆಯಲ್ಲ. ಮುಂದೆ ಬೂಡಿನ್ ಬರೆದ ಸಾವಿರಾರು ಚಿತ್ರಗಳಲ್ಲಿ ಮುಕ್ಕಾಲು ಭಾಗ ಬರೀ ಆಕಾಶವೇ ಇರುತ್ತೆ. ದೋಣಿ, ಜನ, ದಂಡೆ ಎಲ್ಲ ಕೆಳಗಿನ ಸಣ್ಣ ಪಟ್ಟಿಯಲ್ಲಿ. ಆ ಕಣ್ಣಿಗೆ ಮೊದಲ ಪಾಠ ಸಿಕ್ಕಿದ್ದು ದೋಣಿಯ ಮೇಲೇ.

ಅಂಗಡಿ ಗಾಜಿನ ಹಿಂದೆ

1835ರಲ್ಲಿ ಕುಟುಂಬ ಲೆ ಹಾವ್ರ್‌ಗೆ ಬಂತು. ಓನ್‌ಫ್ಲರ್ ಬಂದರಿನಲ್ಲಿ ಹೂಳು ತುಂಬುತ್ತಿತ್ತು, ವ್ಯಾಪಾರವೆಲ್ಲ ಎದುರು ದಡದ ಲೆ ಹಾವ್ರ್‌ಗೆ ಹೋಗ್ತಾ ಇತ್ತು. ಹುಡುಗ ಅಲ್ಲಿ ಕಾಗದ, ಲೇಖನ ಸಾಮಗ್ರಿ ವ್ಯಾಪಾರದ ಕೆಲಸ ಕಲಿತ. ಇಪ್ಪತ್ತು ವರ್ಷ ಆಗುವ ಹೊತ್ತಿಗೆ ಪಾಲುದಾರನೊಬ್ಬನ ಜೊತೆ ಸ್ವಂತ ಅಂಗಡಿ ಇಟ್ಟ. ಒಂದು ಕಡೆ ಕಾಗದ, ಪೆನ್ಸಿಲ್, ಬಣ್ಣ, ಇನ್ನೊಂದು ಕಡೆ ಪಟಗಳಿಗೆ ಕಟ್ಟು ಹಾಕುವ ಕೆಲಸ.

ಕಟ್ಟು ಹಾಕಿಸೋಕೆ ಚಿತ್ರಗಾರರು ಬರ್ತಿದ್ದರು. ಬೇಸಿಗೆಯಲ್ಲಿ ಪ್ಯಾರಿಸ್‌ನಿಂದ ಕಡಲತೀರಕ್ಕೆ ಬರುತ್ತಿದ್ದ ಕಲಾವಿದರ ಚಿತ್ರಗಳನ್ನು ಬೂಡಿನ್ ತನ್ನ ಅಂಗಡಿಯ ಗಾಜಿನ ಹಿಂದೆ ಮಾರಾಟಕ್ಕೆ ಇಡುತ್ತಿದ್ದ. ಕಾನ್‌ಸ್ಟಂಟ್ ತ್ರೋಯೋನ್, ಜಾನ್ ಫ್ರಾಂಸ್ವಾ ಮಿಲೆಯಂಥವರು ಅಲ್ಲಿಗೆ ಬಂದವರೇ. ರೈತರ ಚಿತ್ರಗಳಿಗೆ ಮುಂದೆ ಜಗತ್ತಿಗೆಲ್ಲ ಹೆಸರಾದ ಮಿಲೆ, ಆಗ ಲೆ ಹಾವ್ರ್‌ನಲ್ಲಿ ಹಡಗಿನ ಕಪ್ತಾನರ ಮುಖ ಬರೆದು ದಿನ ದೂಡ್ತಾ ಇದ್ದ.

ಗಿರಾಕಿಗಳ ಚಿತ್ರ ನೋಡ್ತಾ ನೋಡ್ತಾ ಅಂಗಡಿಯವನ ಕೈಗೂ ಹುಚ್ಚು ಹಿಡಿಯಿತು. ಬಿಡುವಿನಲ್ಲಿ ತಾನೇ ಬರೆದು, ಬಂದವರಿಗೆ ತೋರಿಸತೊಡಗಿದ. ಅವರು ಕೈ ಬಿಡಬೇಡ ಅಂತ ಹುರಿದುಂಬಿಸಿದರು. 22ನೇ ವಯಸ್ಸಿಗೆ ಬೂಡಿನ್ ಅಂಗಡಿ ಬಿಟ್ಟ.

ಇದು ಸಣ್ಣ ತೀರ್ಮಾನ ಅಲ್ಲ. ಅಂಗಡಿ ನಡೆಸುವವರಿಗೆ ಇದರ ಭಾರ ಬೇಗ ಅರ್ಥ ಆಗುತ್ತೆ. ದಿನದ ಗಲ್ಲಾಪೆಟ್ಟಿಗೆ ದುಡ್ಡು ಬಿಟ್ಟು, ಯಾವಾಗ ಮಾರಾಟ ಆಗುತ್ತೋ ಗೊತ್ತಿಲ್ಲದ ಸರಕಿಗೆ ಬದುಕನ್ನು ಒತ್ತೆ ಇಟ್ಟ ಹಾಗೆ. ಚಿತ್ರಗಾರರು ಎಷ್ಟು ಕಷ್ಟದಲ್ಲಿರುತ್ತಾರೆ ಅನ್ನೋದನ್ನು ಕೌಂಟರ್ ಹಿಂದೆ ನಿಂತೇ ನೋಡಿದ್ದವನು ಆತ. ಗೊತ್ತಿದ್ದೂ ಹೋದ.

ಊರು ಕೊಟ್ಟ ದುಡ್ಡು, ಊರಿಗೆ ಆದ ನಿರಾಸೆ

1851ರಲ್ಲಿ ಲೆ ಹಾವ್ರ್ ನಗರಸಭೆ ಬೂಡಿನ್‌ಗೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟು ಪ್ಯಾರಿಸ್‌ಗೆ ಕಳಿಸಿತು. ನಮ್ಮೂರ ಹುಡುಗ ದೊಡ್ಡ ಕಲಾವಿದನಾಗಿ ಬರಲಿ ಅನ್ನೋ ಆಸೆ. ಆಗಿನ ಲೆಕ್ಕದಲ್ಲಿ ದೊಡ್ಡ ಕಲಾವಿದ ಅಂದರೆ ರಾಜರು, ಯುದ್ಧ, ಪುರಾಣದ ಕಥೆಗಳನ್ನು ಗೋಡೆಯಷ್ಟು ದೊಡ್ಡ ಬಟ್ಟೆ ಮೇಲೆ ಬರೆಯುವವನು.

ಬೂಡಿನ್ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ಹಳೆಯ ಗುರುಗಳ ಚಿತ್ರಗಳನ್ನು ನಕಲು ಮಾಡಿದ. ಆತನ ಮನಸ್ಸು ನಿಂತಿದ್ದು 200 ವರ್ಷ ಹಿಂದಿನ ಡಚ್ ಚಿತ್ರಗಾರರ ಮೇಲೆ. ಅವರ ಚಿತ್ರಗಳಲ್ಲೂ ತಗ್ಗಿನಲ್ಲಿ ನೆಲ, ಮೇಲೆಲ್ಲ ಮೋಡ. ವರ್ಷಕ್ಕೆ ಕೆಲವು ತಿಂಗಳು ಊರ ಕಡೆ ಬಂದು ಬಯಲಲ್ಲೇ ಬರೆದ. ಮೂರು ವರ್ಷ ಮುಗಿದಾಗ ಊರಿನವರು ನಿರೀಕ್ಷಿಸಿದ್ದ ದೊಡ್ಡ ಚಿತ್ರಗಳಿರಲಿಲ್ಲ. ಇದ್ದದ್ದು ಅಂಗೈಯಗಲದ ಕಾಗದಗಳ ಮೇಲಿನ ಮೋಡಗಳು, ದೋಣಿಗಳು, ಹೊಲಗಳು. ನಗರಸಭೆಯವರಿಗೆ ನಿರಾಸೆ ಆಯ್ತು, ವೇತನ ಮುಂದುವರಿಯಲಿಲ್ಲ. ಬೂಡಿನ್ ಬರಿಗೈಯಲ್ಲಿ ಊರಿಗೆ ವಾಪಸ್ ಬಂದ.

ಬಯಲಲ್ಲಿ ಬರೆಯೋದು ಯಾಕೆ ಕಷ್ಟ

ಹೊರಗೆ ನಿಂತು ಎಣ್ಣೆಬಣ್ಣದಲ್ಲಿ ಬರೆಯೋದು ಆ ಕಾಲಕ್ಕೆ ಹೊಸದಾಗಿ ಸಾಧ್ಯವಾಗಿದ್ದ ಕೆಲಸ. ಮೊದಲು ಬಣ್ಣದ ಪುಡಿಯನ್ನು ಎಣ್ಣೆಯಲ್ಲಿ ಅರೆದು ಹಂದಿಯ ಮೂತ್ರಕೋಶದ ಚೀಲದಲ್ಲಿ ತುಂಬಿ ಕಟ್ಟಿಡುತ್ತಿದ್ದರು. ಬೇಕಾದಾಗ ಮೊಳೆಯಿಂದ ಚುಚ್ಚಿ ಹಿಂಡಬೇಕು. ಒಮ್ಮೆ ತೂತಾದರೆ ಬಣ್ಣ ಒಣಗಿ ಹಾಳು. ಹೆಗಲಿಗೆ ಹಾಕ್ಕೊಂಡು ಬಯಲಿಗೆ ಹೋಗೋ ಸರಕಲ್ಲ ಅದು. 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕನ್ ಚಿತ್ರಗಾರ ತವರದ ಟ್ಯೂಬಿಗೆ ಪೇಟೆಂಟ್ ಪಡೆದ. ಇವತ್ತು ಟೂತ್‌ಪೇಸ್ಟ್ ಬರೋ ಥರದ್ದೇ ಟ್ಯೂಬ್. ಮುಚ್ಚಳ ತಿರುಗಿಸಿದರೆ ಬಣ್ಣ ಉಳಿಯುತ್ತೆ. ಮಡಚುವ ಸ್ಟ್ಯಾಂಡು, ಪೆಟ್ಟಿಗೆ, ಟ್ಯೂಬು, ಇಷ್ಟಿದ್ದರೆ ಚಿತ್ರಗಾರ ಎಲ್ಲಿಗೆ ಬೇಕಾದರೂ ಹೋಗಬಹುದು ಅಂತಾಯ್ತು.

ಸರಕು ಸಿಕ್ಕಿತು, ಕಷ್ಟ ಹೋಗಲಿಲ್ಲ. ಕೋಣೆಯೊಳಗೆ ಬೆಳಕು ಒಂದೇ ಥರ ಇರುತ್ತೆ. ಬಯಲಲ್ಲಿ ಅರ್ಧ ಗಂಟೆಗೆ ನೆರಳು ಜಾಗ ಬದಲಿಸುತ್ತೆ. ಮೋಡ ಅಂತೂ ಕುಂಚ ಅದ್ದುವಷ್ಟರಲ್ಲಿ ಬೇರೆ ಆಕಾರ. ಗಾಳಿಗೆ ಸ್ಟ್ಯಾಂಡ್ ಉರುಳುತ್ತೆ, ಹಸಿ ಬಣ್ಣಕ್ಕೆ ಮರಳು ಅಂಟುತ್ತೆ, ಸುತ್ತ ಜನ ಸೇರಿ ತಲೆಗೊಂದು ಮಾತಾಡ್ತಾರೆ. ಇದಕ್ಕೆ ಬೂಡಿನ್ ಕಂಡುಕೊಂಡ ದಾರಿ, ಸಣ್ಣ ಅಳತೆ ಮತ್ತು ಬೇಗದ ಕೈ. ಕಾಗದದ ಮೇಲೆ ಪ್ಯಾಸ್ಟೆಲ್ ಕಡ್ಡಿಯಲ್ಲಿ ಮೋಡವನ್ನು ಹಿಡಿದು, ಪಕ್ಕದಲ್ಲೇ ತಾರೀಕು, ಗಂಟೆ, ಗಾಳಿಯ ದಿಕ್ಕು ಬರೆದಿಡುತ್ತಿದ್ದ. ಅಂಗಡಿಯವರು ದಿನದ ಲೆಕ್ಕ ಬರೆದಿಡುವ ಹಾಗೆ ಆಕಾಶದ ಲೆಕ್ಕ.

ದೊಡ್ಡ ಚಿತ್ರಗಳನ್ನು ಚಳಿಗಾಲದಲ್ಲಿ ಕೋಣೆಯಲ್ಲಿ ಕೂತು ಮುಗಿಸ್ತಿದ್ದ ಅನ್ನೋದೂ ನಿಜ. ಆದರೆ ಸ್ಥಳದಲ್ಲಿ ನಿಂತು ನೇರವಾಗಿ ಹಚ್ಚಿದ ನಾಲ್ಕು ಗೆರೆಗಿರುವ ಜೀವ, ಒಳಗೆ ಕೂತು ದಿನಗಟ್ಟಲೆ ತಿದ್ದಿದರೂ ಬರಲ್ಲ ಅನ್ನೋದು ಆತನ ಗಟ್ಟಿ ನಂಬಿಕೆ. ಬಯಲಲ್ಲಿ ಬರೆದವರಲ್ಲಿ ಬೂಡಿನ್ ಮೊದಲಿಗನೇನೂ ಅಲ್ಲ. ಇಂಗ್ಲೆಂಡ್‌ನ ಕಾನ್‌ಸ್ಟೇಬಲ್, ಫ್ರಾನ್ಸ್‌ನ ಕೊರೋ ಅದಕ್ಕೂ ಮೊದಲೇ ಮಾಡಿದ್ದರು. ಅದನ್ನು ದಿನನಿತ್ಯದ ಕಸುಬು ಮಾಡಿಕೊಂಡು, ಮುಂದಿನ ತಲೆಮಾರಿಗೆ ದಾಟಿಸಿದ್ದು ಬೂಡಿನ್‌ನ ಹೆಚ್ಚುಗಾರಿಕೆ.

1859ರಲ್ಲಿ ಪ್ಯಾರಿಸ್‌ನ ಸಲೋನ್ ಎಂಬ ಸರ್ಕಾರಿ ಪ್ರದರ್ಶನದಲ್ಲಿ ಆತನ ಚಿತ್ರ ಮೊದಲ ಸಲ ಕಾಣಿಸಿತು. ಬ್ರಿಟನಿ ಪ್ರಾಂತ್ಯದ ಒಂದು ಜಾತ್ರೆಯ ದೃಶ್ಯ ಅದು. ಅದೇ ವರ್ಷ ಕವಿ ಬೋದಲೇರ್ ಓನ್‌ಫ್ಲರ್‌ಗೆ ಬಂದಿದ್ದ, ಅವನ ತಾಯಿ ಇದ್ದದ್ದು ಅದೇ ಊರಿನಲ್ಲಿ. ಬೂಡಿನ್ ಕೋಣೆಯಲ್ಲಿ ನೂರಾರು ಮೋಡದ ಚಿತ್ರಗಳನ್ನು ನೋಡಿ ಬೆರಗಾದ ಕವಿ, ಪಕ್ಕದ ಟಿಪ್ಪಣಿ ಮುಚ್ಚಿಟ್ಟರೂ ಋತು, ಹೊತ್ತು, ಗಾಳಿ ಮೂರನ್ನೂ ಚಿತ್ರ ನೋಡಿಯೇ ಹೇಳಬಹುದು ಅಂತ ಬರೆದು ಹೊಗಳಿದ. ಆಕಾಶದ ರಾಜ ಅನ್ನೋ ಬಿರುದು ಕೊಟ್ಟಿದ್ದು ಹಿರಿಯ ಚಿತ್ರಗಾರ ಕೊರೋ.

ಒಲ್ಲೆ ಅಂದ ಹುಡುಗ, ಬಿಡದ ಗುರು

ಲೆ ಹಾವ್ರ್‌ನ ಕಟ್ಟು ಹಾಕುವ ಅಂಗಡಿಯೊಂದರ ಗಾಜಿನ ಹಿಂದೆ ಆಗ ಒಬ್ಬ ಹುಡುಗನ ವ್ಯಂಗ್ಯಚಿತ್ರಗಳು ನೇತಾಡುತ್ತಿದ್ದವು. ಊರಿನ ಗಣ್ಯರ ಉದ್ದ ಮೂಗು, ದಪ್ಪ ಹೊಟ್ಟೆ. ಒಂದಕ್ಕೆ 10ರಿಂದ 20 ಫ್ರಾಂಕ್ ಬೆಲೆ. ವ್ಯಾಪಾರ ಜೋರು. ಹುಡುಗನ ಹೆಸರು ಕ್ಲೋಡ್ ಮೋನೆ. ಅಪ್ಪ ಹಡಗುಗಳಿಗೆ ದಿನಸಿ ಪೂರೈಸುವ ವ್ಯಾಪಾರದಲ್ಲಿದ್ದ. ತಾಯಿ 1857ರ ಜನವರಿಯಲ್ಲಿ ತೀರಿಕೊಂಡಿದ್ದಳು.

ಅದೇ ಅಂಗಡಿಯಲ್ಲಿ ಬೂಡಿನ್‌ನ ಸಮುದ್ರದ ಚಿತ್ರಗಳೂ ಇದ್ದವು. ಮೋನೆಗೆ ಅವು ಒಂಚೂರೂ ಹಿಡಿಸುತ್ತಿರಲಿಲ್ಲ. ಪರಿಚಯ ಮಾಡಿಸ್ತೀನಿ ಅಂತ ಅಂಗಡಿಯವನು ಕರೆದರೂ ತಪ್ಪಿಸಿಕೊಳ್ಳುತ್ತಿದ್ದ. ಕೊನೆಗೊಂದು ದಿನ ಎದುರುಬದುರು ಆದರು. ಬೂಡಿನ್ ಹುಡುಗನ ಕೈಚಳಕ ಮೆಚ್ಚಿಕೊಂಡೇ, ಇಷ್ಟಕ್ಕೇ ನಿಲ್ಲಬೇಡ, ನನ್ನ ಜೊತೆ ಬಯಲಿಗೆ ಬಾ ಅಂತ ಕರೆದ. ಹುಡುಗ ನೆಪ ಹೇಳಿದ. ಬೂಡಿನ್ ಬಿಡಲಿಲ್ಲ, ಮತ್ತೆ ಮತ್ತೆ ಕರೆದ.

1858ರ ಬೇಸಿಗೆಯಲ್ಲಿ ಇಬ್ಬರೂ ಲೆ ಹಾವ್ರ್ ಹತ್ತಿರದ ರುವೆಲ್ ಎಂಬ ಹಳ್ಳಿ ಕಡೆ ಹೋದರು. ಬೂಡಿನ್ ಸ್ಟ್ಯಾಂಡ್ ನಿಲ್ಲಿಸಿ ಬರೆಯೋಕೆ ಶುರು ಮಾಡಿದ. ಪಕ್ಕದಲ್ಲಿದ್ದ ಮೋನೆ ಮೊದಲು ಅನುಮಾನದಿಂದ, ಆಮೇಲೆ ಕಣ್ಣು ಕೀಳದೆ ನೋಡಿದ. ಆವತ್ತು ತನ್ನ ಕಣ್ಣಿನ ಮುಂದಿದ್ದ ಪರದೆ ಸರಿದ ಹಾಗಾಯ್ತು ಅಂತ ಮೋನೆ ಮುಪ್ಪಿನಲ್ಲೂ ನೆನೆಸಿಕೊಳ್ಳುತ್ತಿದ್ದ. ರುವೆಲ್ ದೃಶ್ಯದ ಆ ವರ್ಷದ ಚಿತ್ರವೇ ಮೋನೆ ಪ್ರದರ್ಶನಕ್ಕೆ ಇಟ್ಟ ಮೊದಲ ಚಿತ್ರ. ಮೋನೆಗಿಂತ ಬೂಡಿನ್ 16 ವರ್ಷ ದೊಡ್ಡವನು. ಕಲಿಸಿದ್ದಕ್ಕೆ ಕಾಸು ಕೇಳಲಿಲ್ಲ.

ತೋಟದ ಮನೆಯ ಹೋಟೆಲು

ಓನ್‌ಫ್ಲರ್ ಪಕ್ಕದ ಗುಡ್ಡದ ಮೇಲೆ ಸ್ಯಾಂ ಸಿಮೆಯೋನ್ ಅಂತ ಒಂದು ತೋಟದ ಮನೆ. ಅದನ್ನು ಹೋಟೆಲ್ ಥರ ನಡೆಸುತ್ತಿದ್ದವಳು ತೂತೆನ್ ಅಮ್ಮ ಅಂತ ಎಲ್ಲರೂ ಕರೆಯುತ್ತಿದ್ದ ಹೆಂಗಸು. ಸೇಬಿನ ಮರಗಳ ಕೆಳಗೆ ಬೆಂಚು, ಸೇಬಿನ ಮದ್ಯ, ಎದುರಿಗೆ ನದೀಮುಖ. ಬೂಡಿನ್, ಡಚ್ ಚಿತ್ರಗಾರ ಯೋಂಗ್‌ಕಿಂಡ್, ಮೋನೆ, ಕೂರ್ಬೆ ಎಲ್ಲ ಅಲ್ಲಿ ಸೇರ್ತಿದ್ದರು. ಹಗಲೆಲ್ಲ ಬಯಲಲ್ಲಿ ಬರೆದು, ಸಂಜೆ ಒಂದೇ ಮೇಜಿನ ಸುತ್ತ ಕೂತು ಊಟ, ಹರಟೆ, ಒಬ್ಬರ ಚಿತ್ರ ಒಬ್ಬರು ನೋಡಿ ಜಗಳ.

ಆಹ್ವಾನ ಪತ್ರಿಕೆ ಇಲ್ಲ, ಬ್ಯಾನರ್ ಇಲ್ಲ. ಆದರೂ ಈಗಿನ ಸಣ್ಣ ಊರುಗಳ ಚಿತ್ರಹಬ್ಬದ ಎಲ್ಲ ಲಕ್ಷಣ ಅಲ್ಲಿತ್ತು. ಹೊರಗಿನ ಕಲಾವಿದರು, ಸ್ಥಳೀಯ ನೋಟ, ಊಟ ಹಾಕುವ ಒಬ್ಬ ಸ್ಥಳೀಯ ವ್ಯಾಪಾರಿ. ಅದೇ ಜಾಗದಲ್ಲಿ ಈಗಲೂ ಅದೇ ಹೆಸರಿನ ಹೋಟೆಲ್ ಇದೆ, ಈಗ ಅದು ಐಷಾರಾಮಿ ಹೋಟೆಲ್.

ರೈಲು ಬಂತು, ಸೀಸನ್ ಬಂತು

ಓನ್‌ಫ್ಲರ್‌ನಿಂದ ಪಶ್ಚಿಮಕ್ಕೆ ಹೋದರೆ ತ್ರುವಿಲ್, ದೋವಿಲ್ ಎಂಬ ಅವಳಿ ಊರುಗಳು. 1863ರಲ್ಲಿ ಪ್ಯಾರಿಸ್ ಕಡೆಯಿಂದ ಅಲ್ಲಿಗೆ ರೈಲು ಬಂತು. ಮೀನುಗಾರರ ದಂಡೆಗೆ ಶ್ರೀಮಂತರ ದಂಡೇ ಇಳಿಯಿತು. ಹೆಂಗಸರು ಗುಡಾರದಂಥ ಅಗಲದ ಲಂಗ ತೊಟ್ಟು, ಕೊಡೆ ಹಿಡಿದು, ಮರಳಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂರ್ತಿದ್ದರು. ಬೂಡಿನ್ 1862ರ ಹೊತ್ತಿಗೇ ಇವರನ್ನು ಬರೆಯೋಕೆ ಶುರು ಮಾಡಿದ್ದ. ಉದ್ದಕ್ಕೆ ಅಡ್ಡ ಹಲಗೆ, ಕೆಳಗೆ ಬಣ್ಣಬಣ್ಣದ ಜನರ ಸಾಲು, ಮೇಲೆ ದೊಡ್ಡ ಆಕಾಶ. ಯಾರ ಮುಖವೂ ಸರಿಯಾಗಿ ಕಾಣಲ್ಲ, ಆದರೆ ಗಾಳಿ ಬೀಸ್ತಿರೋದು ಕಾಣುತ್ತೆ.

ಅಷ್ಟರಲ್ಲಿ ಆತನಿಗೊಂದು ಮುಜುಗರ ಶುರುವಾಯ್ತು. ಬ್ರಿಟನಿಯ ಬಡ ರೈತರ ನಡುವೆ ಕೆಲವು ದಿನ ಇದ್ದು ಬಂದಾಗ, ಈ ಸೋಮಾರಿ ಶ್ರೀಮಂತರನ್ನು ಬರೆಯೋದು ನಾಚಿಕೆಗೇಡು ಅನಿಸಿತು. ಇನ್ನೊಂದು ಹೊತ್ತಿನಲ್ಲಿ, ವರ್ಷವಿಡೀ ದುಡಿದು ದಂಡೆಗೆ ಬಂದ ಮಧ್ಯಮ ವರ್ಗದವರಿಗೂ ಚಿತ್ರದಲ್ಲಿ ಜಾಗ ಬೇಡವೇ ಅಂತಲೂ ವಾದಿಸಿದ. ಎರಡೂ ಮಾತನ್ನು ಆತ ಗೆಳೆಯನಿಗೆ ಪತ್ರದಲ್ಲಿ ಬರೆದಿದ್ದ. ಕೊನೆಕೊನೆಗೆ ಶ್ರೀಮಂತರು ಕಡಿಮೆಯಾಗಿ, ಮೀನು ಮಾರುವವರು, ಬಟ್ಟೆ ಒಗೆಯುವ ಹೆಂಗಸರು, ದನಗಳು, ದೋಣಿಗಳು ಹೆಚ್ಚಾದವು.

1870ರ ಬೇಸಿಗೆಯಲ್ಲಿ ಹೊಸದಾಗಿ ಮದುವೆಯಾದ ಮೋನೆ ಹೆಂಡತಿ ಮಗುವಿನ ಜೊತೆ ತ್ರುವಿಲ್‌ಗೆ ಬಂದ. ಬೂಡಿನ್ ದಂಪತಿಯೂ ಅಲ್ಲಿದ್ದರು. ಆಗ ಮೋನೆ ದಂಡೆಯಲ್ಲಿ ಬರೆದ ಒಂದು ಚಿತ್ರ ಈಗ ಲಂಡನ್‌ನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರ ಬಣ್ಣದೊಳಗೆ ತ್ರುವಿಲ್‌ನ ಮರಳಿನ ಕಣಗಳು ಇವತ್ತಿಗೂ ಅಂಟಿಕೊಂಡಿವೆ. ಚಿತ್ರ ಬಯಲಲ್ಲೇ ಹುಟ್ಟಿದ್ದು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕೈ ಖಾಲಿ, ಕೈ ನಿಲ್ಲಲಿಲ್ಲ

ಹೊಗಳಿಕೆ ಬಂದರೂ ದುಡ್ಡು ಬರಲಿಲ್ಲ. 1860ರ ದಶಕದ ಆರಂಭದಲ್ಲಿ ಬೂಡಿನ್ ಪ್ಯಾರಿಸ್‌ನಲ್ಲಿ ತ್ರೋಯೋನ್ ಬಳಿ ಕೆಲಸಕ್ಕಿದ್ದ. ತ್ರೋಯೋನ್‌ನ ದನಕರುಗಳ ಚಿತ್ರಕ್ಕೆ ಬೇಡಿಕೆ ಹೆಚ್ಚಿತ್ತು, ಅದಕ್ಕೆ ಆಕಾಶ ತುಂಬಿಸಿಕೊಡೋದು ಬೂಡಿನ್ ಕೆಲಸ. ಒಂದು ಕಾಲದಲ್ಲಿ ಯಾರ ಚಿತ್ರವನ್ನು ಅಂಗಡಿಯಲ್ಲಿಟ್ಟು ಮಾರಿದ್ದನೋ, ಅವನ ಹೆಸರಿನ ಚಿತ್ರಕ್ಕೆ ತನ್ನ ಆಕಾಶ ಕೊಟ್ಟ.

1863ರಲ್ಲಿ ಬ್ರಿಟನಿಯ ಮರಿ ಆನ್ ಗೆಡೆಸ್ ಜೊತೆ ಮದುವೆ ಆಯ್ತು. ಚಳಿಗಾಲ ಪ್ಯಾರಿಸ್‌ನ ಕೋಣೆ, ಬೇಸಿಗೆ ಕಡಲತೀರ, ಹೀಗೆ ವರ್ಷಗಳು ಕಳೆದವು. 1874ರ ಏಪ್ರಿಲ್‌ನಲ್ಲಿ ಮೋನೆ ಮತ್ತು ಗೆಳೆಯರು ಸರ್ಕಾರಿ ಪ್ರದರ್ಶನಕ್ಕೆ ಸೆಡ್ಡು ಹೊಡೆದು ಪ್ಯಾರಿಸ್‌ನಲ್ಲಿ ತಮ್ಮದೇ ಪ್ರದರ್ಶನ ಇಟ್ಟರು. ಲೆ ಹಾವ್ರ್ ಬಂದರಿನ ಸೂರ್ಯೋದಯವನ್ನು ಮೋನೆ ಬರೆದ ಚಿತ್ರ ಅಲ್ಲಿತ್ತು. ಅದರ ಹೆಸರನ್ನೇ ಹಿಡಿದು ಪತ್ರಿಕೆಯವರು ಗೇಲಿ ಮಾಡಿದರು, ಇಂಪ್ರೆಷನಿಸ್ಟ್ ಅನ್ನೋ ಹೆಸರು ಹುಟ್ಟಿದ್ದು ಹಾಗೆ. ಐವತ್ತರ ಹೊಸ್ತಿಲಲ್ಲಿದ್ದ ಬೂಡಿನ್ ಕೂಡ ಆ ಹುಡುಗರ ಜೊತೆ ತನ್ನ ಚಿತ್ರ ನೇತು ಹಾಕಿದ. ಆದರೆ ತಾನೊಬ್ಬ ಕ್ರಾಂತಿಕಾರಿ ಅಂತ ಎಂದೂ ಹೇಳಿಕೊಳ್ಳಲಿಲ್ಲ. ಮುಂದೆ ಸರ್ಕಾರಿ ಪ್ರದರ್ಶನಕ್ಕೂ ಚಿತ್ರ ಕಳಿಸ್ತಾ ಇದ್ದ.

ತಡವಾಗಿ ಬಂದ ಮರ್ಯಾದೆ

1880ರ ದಶಕದಲ್ಲಿ ಪ್ಯಾರಿಸ್‌ನ ಕಲಾ ವ್ಯಾಪಾರಿ ಪಾಲ್ ಡ್ಯುರಾನ್ ರುಯೆಲ್ ಚಿತ್ರಗಳನ್ನು ಕೊಳ್ಳತೊಡಗಿದ ಮೇಲೆ ಬೂಡಿನ್ ಉಸಿರಾಡುವಂತಾಯ್ತು. 1883ರಲ್ಲಿ ಆತನ ಚಿತ್ರಗಳದ್ದೇ ಪ್ರದರ್ಶನ ನಡೆಯಿತು. ಆಗ ಆತನಿಗೆ 60ರ ಹತ್ತಿರ. ದೋವಿಲ್‌ನಲ್ಲಿ ಸ್ವಂತ ಮನೆ ಆಯ್ತು. 1889ರ ಜಾಗತಿಕ ಮೇಳದಲ್ಲಿ ಚಿನ್ನದ ಪದಕ ಬಂತು. ಅದೇ ವರ್ಷ ಹೆಂಡತಿ ತೀರಿಕೊಂಡಳು. ಕಷ್ಟದ ದಿನಗಳಲ್ಲೆಲ್ಲ ಜೊತೆಗಿದ್ದವಳು ಸುಖದ ದಿನಕ್ಕೆ ಇರಲಿಲ್ಲ. 1892ರಲ್ಲಿ ಫ್ರಾನ್ಸ್ ಸರ್ಕಾರ ಲೀಜನ್ ಆಫ್ ಆನರ್ ಗೌರವ ಕೊಟ್ಟಿತು.

ಆರೋಗ್ಯ ಕೆಟ್ಟಿತ್ತು. ಚಳಿಗಾಲಕ್ಕೆ ದಕ್ಷಿಣ ಫ್ರಾನ್ಸ್‌ಗೆ, ಇಟಲಿಯ ವೆನಿಸ್‌ಗೆ ಹೋಗಿ ಬರ್ತಿದ್ದ. ಹೋದಲ್ಲೆಲ್ಲ ಬರೆದ. 1898ರಲ್ಲಿ ಇನ್ನು ಹೆಚ್ಚು ದಿನ ಇಲ್ಲ ಅಂತ ಗೊತ್ತಾದಾಗ ದಕ್ಷಿಣದಿಂದ ದೋವಿಲ್‌ಗೆ ವಾಪಸ್ ಬಂದ. ಆಗಸ್ಟ್ 8ರಂದು, ತಾನು ಹುಟ್ಟಿದ ಕಡಲ ಪಕ್ಕದಲ್ಲೇ ಪ್ರಾಣ ಬಿಟ್ಟ. ಸಮಾಧಿ ಪ್ಯಾರಿಸ್‌ನ ಮೋಂಮಾರ್ತ್‌ನಲ್ಲಿದೆ. ಅಷ್ಟು ಹೊತ್ತಿಗೆ ಶಿಷ್ಯ ಮೋನೆ ಗುರುವಿಗಿಂತ ಎಷ್ಟೋ ಪಟ್ಟು ದೊಡ್ಡ ಹೆಸರು ಮಾಡಿದ್ದ. ತಾನು ಚಿತ್ರಗಾರ ಆಗಿದ್ದರೆ ಅದಕ್ಕೆ ಬೂಡಿನ್ ಕಾರಣ ಅಂತ ಕೊನೆವರೆಗೂ ಹೇಳಿದ.

ಊರಿಗೆ ತೀರಿಸಿದ ಸಾಲ

1868ರಲ್ಲೇ ಬೂಡಿನ್, ಓನ್‌ಫ್ಲರ್‌ನ ಇನ್ನೊಬ್ಬ ಚಿತ್ರಗಾರ ಲೂಯಿ ಅಲೆಕ್ಸಾಂಡ್ರ್ ದುಬೂರ್ ಜೊತೆ ಸೇರಿ ತಮ್ಮ ಊರಿಗೆ ಒಂದು ಮ್ಯೂಸಿಯಂ ಕಟ್ಟಿಸಲು ಕೈ ಹಾಕಿದ್ದ. ಕೈಯಲ್ಲಿ ದುಡ್ಡಿಲ್ಲದ ಕಾಲದಲ್ಲಿ ಮಾಡಿದ ಕೆಲಸ ಅದು. ಸಾಯುವಾಗ ತನ್ನ ಚಿತ್ರಗಳನ್ನು ಅದಕ್ಕೆ ಬರೆದುಕೊಟ್ಟ. ಈಗ ಆ ಮ್ಯೂಸಿಯಂಗೆ ಆತನದ್ದೇ ಹೆಸರು. ಎದುರು ದಡದ ಲೆ ಹಾವ್ರ್‌ಗೆ, ಅಂದು ವೇತನ ಕೊಟ್ಟು ನಿರಾಸೆಗೊಂಡ ಆ ಊರಿಗೆ, ಬೂಡಿನ್ ತಮ್ಮ ಲೂಯಿ 1900ರಲ್ಲಿ ಅಣ್ಣನ ಕೋಣೆಯಲ್ಲಿ ಉಳಿದಿದ್ದ 240 ಚಿತ್ರಗಳನ್ನು ಕೊಟ್ಟ. ಅಂಗೈಯಗಲದ ಅದೇ ಮೋಡಗಳು, ದೋಣಿಗಳು.

1944ರ ಸೆಪ್ಟೆಂಬರ್‌ನಲ್ಲಿ ಯುದ್ಧದ ಬಾಂಬ್ ದಾಳಿಗೆ ಲೆ ಹಾವ್ರ್ ಪೇಟೆ, ಬಂದರು ನೆಲಸಮವಾದವು. ಬೂಡಿನ್ ಅಂಗಡಿ ಇದ್ದ ಕಾಲದ ಊರು ಈಗ ಹುಡುಕಿದರೂ ಸಿಗಲ್ಲ. ಹಳೆಯ ಹಡಗುಕಟ್ಟೆ ಹೇಗಿತ್ತು, ಹಾಯಿಗಳು ಎಷ್ಟು ಎತ್ತರ ಇದ್ದವು, ಸಂಜೆ ನೀರು ಯಾವ ಬಣ್ಣ ತಾಳುತ್ತಿತ್ತು ಅನ್ನೋದನ್ನು ಅಲ್ಲಿನವರು ಇವತ್ತು ನೋಡಬೇಕಾದರೆ ಸಮುದ್ರಕ್ಕೆ ಮುಖ ಮಾಡಿ ನಿಂತಿರುವ ಮ್ಯೂಸಿಯಂಗೆ ಹೋಗ್ತಾರೆ. ನಗರಸಭೆಯ ಮೂರು ವರ್ಷದ ದುಡ್ಡು ವ್ಯರ್ಥ ಆಗಲಿಲ್ಲ.